ಹಳೇ ಓಎಸ್‌ಗೆ ಹೊಸ ಸಿಸ್ಟಮ್‌ಡಿ ಹಾಕಬಹುದಾ?

ಪ್ರಶ್ನೆ: ನಮ್ಮ ಕೆಲವು ಸರ್ವರ್‌ಗಳು ಇನ್ನೂ ಉಬುಂಟು 18.04ರಲ್ಲೇ ಇವೆ. ಒಂದು ಸರ್ವಿಸ್‌ನ ಲಾಗ್ ನೇರವಾಗಿ ಫೈಲ್‌ಗೆ ಹೋಗಬೇಕು, ಹಳೇ ಸಾಲುಗಳ ಕೆಳಗೆ ಹೊಸವು ಸೇರುತ್ತಾ ಹೋಗಬೇಕು. ಸರ್ವಿಸ್‌ನ ಸೆಟ್ಟಿಂಗ್ ಇರುವ ಯೂನಿಟ್ ಫೈಲ್‌ನಲ್ಲಿ ‘ಅಪೆಂಡ್’ ಅಂತ ಬರೆದರೆ ಆಗುತ್ತೆ ಅಂತಾರೆ, ನಮ್ಮಲ್ಲಿ ಆಗುತ್ತಿಲ್ಲ. ಓಎಸ್ ಬದಲಿಸದೆ, ಸರ್ವಿಸ್‌ಗಳನ್ನು ಶುರುಮಾಡಿ ನೋಡಿಕೊಳ್ಳುವ ಸಿಸ್ಟಮ್‌ಡಿ ಮಾತ್ರ ಹೊಸದು ತಂದು ಹಾಕಬಹುದಾ?

ಹಾಕಬಹುದು. ಆದರೆ ನೀವು ಹೇಳುತ್ತಿರುವ ಕೆಲಸಕ್ಕೆ ಅಷ್ಟು ದೂರ ಹೋಗಬೇಕಾಗಿಲ್ಲ. ಮೊದಲು ಲಾಗ್ ವಿಚಾರ ಮುಗಿಸಿಬಿಡೋಣ.

ಉಬುಂಟು 18.04ರಲ್ಲಿ ಇರುವುದು ಸಿಸ್ಟಮ್‌ಡಿ 237. ‘ಅಪೆಂಡ್’ ಬಂದದ್ದು 240ರಲ್ಲಿ. ಹಾಗಾಗಿ ನಿಮ್ಮ ಸಿಸ್ಟಮ್‌ಡಿಗೆ ಆ ಪದವೇ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಕಂಡರೆ ಅದು ಸರ್ವಿಸ್ ನಿಲ್ಲಿಸುವುದಿಲ್ಲ. ಜರ್ನಲ್‌ನಲ್ಲಿ (ಸಿಸ್ಟಮ್‌ಡಿಯ ಸ್ವಂತ ಲಾಗ್‌ನಲ್ಲಿ) ಒಂದು ಎಚ್ಚರಿಕೆ ಬರೆದು, ಆ ಸಾಲನ್ನು ಬಿಟ್ಟು ಮುಂದೆ ಹೋಗುತ್ತದೆ. ಲಾಗ್ ಎಂದಿನಂತೆ ಜರ್ನಲ್‌ಗೇ ಹೋಗುತ್ತಿರುತ್ತದೆ, ನೀವು ಖಾಲಿ ಫೈಲ್ ನೋಡುತ್ತಾ ಕೂತಿರುತ್ತೀರಿ.

ಇಲ್ಲೊಂದು ಗುಂಡಿ ಇದೆ. 237ರಲ್ಲಿ ‘ಫೈಲ್’ ಅನ್ನುವ ಸೌಲಭ್ಯ ಇದೆ, ಅದು 236ರಲ್ಲೇ ಬಂತು. ‘ಅಪೆಂಡ್’ ಇಲ್ಲದಿದ್ದರೇನಂತೆ, ‘ಫೈಲ್’ ಹಾಕೋಣ ಅನ್ನಿಸುತ್ತೆ ಅಲ್ವಾ? ಹಾಕಬೇಡಿ. ಅದು ಫೈಲನ್ನು ಖಾಲಿ ಮಾಡುವುದಿಲ್ಲ, ಕೊನೆಗೂ ಹೋಗುವುದಿಲ್ಲ. ಮೊದಲ ಅಕ್ಷರದಿಂದ ಹಳೆಯದರ ಮೇಲೇ ಬರೆಯಲು ಶುರು ಮಾಡುತ್ತದೆ. ಸರ್ವಿಸ್ ರೀಸ್ಟಾರ್ಟ್ ಆದ ಮೇಲೆ ನೋಡಿದರೆ ಮೇಲಿನ ಅರ್ಧ ಇವತ್ತಿನದು, ಕೆಳಗಿನ ಅರ್ಧ ಹೋದ ವಾರದ್ದು.

ಸರಿಯಾದ ದಾರಿ ಸರಳವಾಗಿದೆ. ‘ಎಕ್ಸೆಕ್‌ಸ್ಟಾರ್ಟ್’ ಸಾಲಿನಲ್ಲಿ ಪ್ರೋಗ್ರಾಮನ್ನು ನೇರವಾಗಿ ಕರೆಯುವ ಬದಲು ಶೆಲ್ ಮೂಲಕ ಕರೆಯಿರಿ, ಔಟ್‌ಪುಟ್ಟನ್ನು ಎರಡು ‘ದೊಡ್ಡದು’ ಚಿಹ್ನೆ (>>) ಹಾಕಿ ಫೈಲ್‌ಗೆ ತಿರುಗಿಸಿ. ಪ್ರೋಗ್ರಾಮ್ ಹೆಸರಿನ ಮುಂದೆ ‘ಎಕ್ಸೆಕ್’ ಇರಲೇಬೇಕು. ಅದಿದ್ದರೆ ಶೆಲ್ ತನ್ನ ಜಾಗವನ್ನು ಪ್ರೋಗ್ರಾಮಿಗೆ ಬಿಟ್ಟುಕೊಡುತ್ತದೆ. ಇಲ್ಲದಿದ್ದರೆ ಸಿಸ್ಟಮ್‌ಡಿ ಶೆಲ್ಲನ್ನೇ ಮುಖ್ಯ ಪ್ರೋಸೆಸ್ ಅಂದುಕೊಳ್ಳುವ ಸಾಧ್ಯತೆ ಇದೆ. ಇನ್ನೊಂದು ವ್ಯತ್ಯಾಸ: ‘ಅಪೆಂಡ್’ನಲ್ಲಿ ಫೈಲ್ ತೆರೆಯುವುದು ಸಿಸ್ಟಮ್‌ಡಿ, ಅಂದರೆ ರೂಟ್. ಶೆಲ್ ದಾರಿಯಲ್ಲಿ ತೆರೆಯುವುದು ನಿಮ್ಮ ಸರ್ವಿಸ್‌ನ ಯೂಸರ್. ಆ ಯೂಸರ್‌ಗೆ ಬರೆಯುವ ಪರ್ಮಿಷನ್ ಮೊದಲೇ ಕೊಟ್ಟಿರಿ. ಇಷ್ಟೇ, ಐದು ನಿಮಿಷದ ಕೆಲಸ.

ಈಗ ದೊಡ್ಡ ಪ್ರಶ್ನೆ. ನಾಳೆ ಹೀಗೆ ಸುತ್ತಿಬಳಸಿ ಮಾಡಲಾಗದ ಇನ್ನೇನೋ ಬೇಕಾಗುತ್ತೆ ಅಂದುಕೊಳ್ಳಿ. ಆಗ?

ಸಿಸ್ಟಮ್‌ಡಿ ಅಂದರೆ ಒಂದು ಪ್ರೋಗ್ರಾಮ್ ಅಂದುಕೊಂಡು ಕೈ ಹಾಕಿದವರೇ ಜಾಸ್ತಿ ಒದ್ದಾಡುವುದು. ಅದೇ ಸೋರ್ಸ್‌ನಿಂದ ಲಾಗ್ ನೋಡಿಕೊಳ್ಳುವ ಜರ್ನಲ್‌ಡಿ, ಲಾಗಿನ್ ನೋಡಿಕೊಳ್ಳುವ ಲಾಗಿನ್‌ಡಿ, ಹಾರ್ಡ್‌ವೇರ್ ಗುರುತಿಸಿ ಹೆಸರಿಡುವ ಯುಡೆವ್ ಎಲ್ಲ ಹುಟ್ಟುತ್ತವೆ. ಒಂದನ್ನು ಎಳೆದರೆ ಇಡೀ ಸಂಸಾರ ಬರುತ್ತದೆ. ಅದೂ ಅಲ್ಲದೆ ಇದು ಪಿಐಡಿ 1, ಅಂದರೆ ಓಎಸ್‌ನ ತಿರುಳಾದ ಕರ್ನಲ್ ಎಲ್ಲಕ್ಕಿಂತ ಮೊದಲು ಶುರುಮಾಡುವ ಪ್ರೋಸೆಸ್. ವೆಬ್ ಸರ್ವರ್ ಬಿದ್ದರೆ ಮತ್ತೆ ಎಬ್ಬಿಸಬಹುದು. ಪಿಐಡಿ 1 ಸತ್ತರೆ ಕರ್ನಲ್ ಪ್ಯಾನಿಕ್ ಆಗುತ್ತದೆ, ಮಷೀನೇ ನಿಲ್ಲುತ್ತದೆ.

ಕೆಳಗಡೆ ಕರ್ನಲ್ ಬೇರೆ ಇದೆ. ಸಿಸ್ಟಮ್‌ಡಿ 251ರಿಂದ ಕನಿಷ್ಠ ಕರ್ನಲ್ 4.15 ಬೇಕು. 18.04ರ ಮೂಲ ಕರ್ನಲ್ ಸರಿಯಾಗಿ ಅಷ್ಟೇ, ಗಡಿಯ ಮೇಲೆ ನಿಂತಿದೆ. ಸೆಂಟ್‌ಓಎಸ್ 7ರದ್ದು 3.10, ಅಲ್ಲಿ ಆ ಮಾತೇ ಇಲ್ಲ. ಬಿಲ್ಡ್ ಮಾಡುವುದೂ ಸುಮ್ನೆ ಅಲ್ಲ. 235ರಿಂದ ಮೆಸಾನ್ ಅನ್ನುವ ಬಿಲ್ಡ್ ಟೂಲ್ ಇಲ್ಲದೆ ಸಿಸ್ಟಮ್‌ಡಿ ಬಿಲ್ಡ್ ಆಗುವುದಿಲ್ಲ. ಹಳೇ ಓಎಸ್‌ನ ಮೆಸಾನ್ ಸಾಲದಿದ್ದರೆ ಅದನ್ನೂ ತರಬೇಕು. ಆಮೇಲೆ ಲೈಬ್ರರಿಗಳು. ಹೀಗೆ ಬಾಲ ಬೆಳೆಯುತ್ತಾ ಹೋಗುತ್ತದೆ.

ಆದರೂ ಬಿಲ್ಡ್‌ನಲ್ಲಿ ಬರುವ ತೊಂದರೆ ಕಣ್ಣಿಗೆ ಕಾಣುತ್ತದೆ, ನನಗೆ ಅದರ ಭಯ ಇಲ್ಲ. ಭಯ ಇರುವುದು ಡೀಫಾಲ್ಟ್‌ಗಳದ್ದು. 230ರಲ್ಲಿ, ಯೂಸರ್ ಲಾಗ್‌ಔಟ್ ಆದ ಕೂಡಲೇ ಅವರ ಪ್ರೋಸೆಸ್‌ಗಳನ್ನೆಲ್ಲ ಕೊಲ್ಲುವುದೇ ಮೂಲ ಪ್ರಾಜೆಕ್ಟ್‌ನ ಡೀಫಾಲ್ಟ್ ಆಯಿತು. ಸ್ಕ್ರೀನ್, ಟಿಮಕ್ಸ್‌ನಲ್ಲಿ ರಾತ್ರಿಯಿಡೀ ಓಡಲಿ ಅಂತ ಬಿಟ್ಟ ಕೆಲಸಗಳೂ ಹೋದವು. ಡೆಬಿಯನ್, ಫೆಡೋರಾ ಎರಡೂ ತಮ್ಮ ಪ್ಯಾಕೇಜ್‌ನಲ್ಲಿ ಅದನ್ನು ಆಫ್ ಮಾಡಿದವು. ನೀವೇ ಸೋರ್ಸ್‌ನಿಂದ ಬಿಲ್ಡ್ ಮಾಡಿದರೆ ಅಂಥ ತಿದ್ದುಪಡಿಗಳನ್ನೆಲ್ಲ ನೀವೇ ನೆನಪಿಟ್ಟುಕೊಳ್ಳಬೇಕು. ಸಿಗ್ರೂಪ್ (ಪ್ರೋಸೆಸ್‌ಗಳನ್ನು ಗುಂಪು ಮಾಡಿ ಮೆಮೊರಿ, ಸಿಪಿಯು ಹಂಚುವ ಕರ್ನಲ್ ಸೌಲಭ್ಯ) ಕಥೆಯೂ ಹೀಗೇ. 243ರಿಂದ ಡೀಫಾಲ್ಟ್ ಎರಡನೇ ಆವೃತ್ತಿಯ ಸಿಗ್ರೂಪ್, ಆದರೆ 20.10ಕ್ಕಿಂತ ಹಳೇ ಡಾಕರ್‌ಗೆ ಅದು ಗೊತ್ತೇ ಇಲ್ಲ.

ನನಗೆ ಪೆಟ್ಟು ಬಿದ್ದದ್ದು ಯುಡೆವ್‌ನಿಂದ. ಒಂದು ವರ್ಚುವಲ್ ಮಷೀನ್‌ಗೆ ಹೊಸ ಸಿಸ್ಟಮ್‌ಡಿ ಹಾಕಿದೆ. ‘ಡೀಮನ್-ರೀಎಕ್ಸೆಕ್’ (ಓಡುತ್ತಿರುವ ಸಿಸ್ಟಮ್‌ಡಿ ತನ್ನನ್ನೇ ಮತ್ತೆ ಶುರುಮಾಡಿಕೊಳ್ಳುವ ಕಮಾಂಡ್) ಕೊಟ್ಟೆ, ಏನೂ ತೊಂದರೆಯಿಲ್ಲದೆ ಓಡಿತು. ಖುಷಿಯಾಗಿ ರೀಬೂಟ್ ಕೊಟ್ಟೆ. ಮಷೀನ್ ವಾಪಸ್ ಬರಲೇ ಇಲ್ಲ. ಕನ್ಸೋಲ್ ತೆರೆದು ನೋಡಿದರೆ ಅದು ಆರಾಮಾಗಿ ಓಡುತ್ತಿದೆ! ಹೊಸ ಯುಡೆವ್ ನೆಟ್‌ವರ್ಕ್ ಕಾರ್ಡ್‌ಗೆ ಬೇರೆ ಹೆಸರಿಟ್ಟಿತ್ತು, ನನ್ನ ಕಾನ್ಫಿಗ್ ಹಳೇ ಹೆಸರನ್ನೇ ಹುಡುಕುತ್ತಿತ್ತು. ಇದಕ್ಕೆ ಮದ್ದು ಇದೆ. ಕರ್ನಲ್ ಕಮಾಂಡ್‌ಲೈನ್‌ನಲ್ಲಿ ‘ನೆಟ್.ನೇಮಿಂಗ್-ಸ್ಕೀಮ್’ ಅನ್ನುವುದಕ್ಕೆ ಹಳೇ ಆವೃತ್ತಿಯ ಹೆಸರು ಕೊಟ್ಟರೆ ಹೆಸರಿಡುವ ಕ್ರಮ ಅಲ್ಲಿಗೇ ನಿಲ್ಲುತ್ತದೆ. ಆದರೆ ಅದರಲ್ಲಿರುವ ಅತಿ ಹಳೇ ಕ್ರಮ 238ರದ್ದು. ನಿಮ್ಮದು 237, ಹಾಗಾಗಿ ಒಮ್ಮೆ ಪರೀಕ್ಷಿಸದೆ ಅದನ್ನು ನಂಬಬೇಡಿ.

ಹಾಗಾದರೆ ಇದನ್ನು ಯಾರೂ ಮಾಡುವುದೇ ಇಲ್ವಾ? ಮಾಡುತ್ತಾರೆ. ಫೇಸ್‌ಬುಕ್ ತನ್ನ ಸೆಂಟ್‌ಓಎಸ್ 7 ಸರ್ವರ್‌ಗಳಲ್ಲಿ 219ರ ಬದಲು ಫೆಡೋರಾ ಪ್ಯಾಕೇಜ್‌ನಿಂದ ಮಾಡಿಕೊಂಡ ಹೊಸ ಸಿಸ್ಟಮ್‌ಡಿ ಓಡಿಸುತ್ತಿತ್ತು. ಆದರೆ ಅವರು ಕರ್ನಲ್ಲನ್ನೂ ಹೊಸದೇ ಇಟ್ಟುಕೊಂಡಿದ್ದರು, ಇದನ್ನೇ ನೋಡಿಕೊಳ್ಳುವ ಜನವೂ ಇದ್ದರು. ನಮ್ಮಂಥವರಿಗೆ ಡೆಬಿಯನ್ ಬ್ಯಾಕ್‌ಪೋರ್ಟ್ಸ್ (ಹಳೇ ಡೆಬಿಯನ್‌ಗೆ ಹೊಂದುವಂತೆ ಮಾಡಿಕೊಟ್ಟ ಹೊಸ ಪ್ಯಾಕೇಜ್‌ಗಳು) ಮಾದರಿ ವಾಸಿ. ಡೆಬಿಯನ್ 10ರಲ್ಲಿ 241 ಇತ್ತು, ಬ್ಯಾಕ್‌ಪೋರ್ಟ್ಸ್‌ನಲ್ಲಿ 247 ಸಿಗುತ್ತಿತ್ತು. 11ರಲ್ಲಿ 247, ಬ್ಯಾಕ್‌ಪೋರ್ಟ್ಸ್‌ನಲ್ಲಿ 252. ಮೇಲೆ ಹೇಳಿದ ತಲೆನೋವಿನಲ್ಲಿ ಬಹಳಷ್ಟನ್ನು ಅಲ್ಲಿನ ಮೇಂಟೇನರ್‌ಗಳು ಹೊತ್ತಿರುತ್ತಾರೆ.

‘ಸೆಕ್ಯುರಿಟಿ ಸ್ಕ್ಯಾನರ್ ಕೆಂಪು ತೋರಿಸ್ತಿದೆ, ಅದಕ್ಕೇ ಹೊಸದು ಬೇಕು’ ಅಂತ ಬರೆಯುವವರಿಗೆ ಬೇರೆ ಉತ್ತರ. ಆವೃತ್ತಿ ಸಂಖ್ಯೆ ಬದಲಾಗದೆಯೂ ತೂತು ಮುಚ್ಚಿರಬಹುದು. ರೆಡ್ ಹ್ಯಾಟ್ 7ರಲ್ಲಿ ಕೊನೆಯವರೆಗೂ 219 ಅಂತಲೇ ಇತ್ತು. 2019ರ ಜನವರಿಯಲ್ಲಿ ಜರ್ನಲ್‌ಡಿ ತೂತುಗಳು ಹೊರಬಿದ್ದಾಗ ತೇಪೆಯನ್ನು ಆ 219ಕ್ಕೇ ಹಾಕಿದರು. 219ರ ಮುಂದಿನ ಗೀಟಿನ (-) ನಂತರದ ಪ್ಯಾಕೇಜ್ ನಂಬರನ್ನೂ ಚೇಂಜ್‌ಲಾಗನ್ನೂ ನೋಡಿ.

ಇಷ್ಟೆಲ್ಲ ಆದ ಮೇಲೂ ಹಾಕಲೇಬೇಕಾದರೆ, ಮೊದಲು ಸ್ನಾಪ್‌ಶಾಟ್ ತೆಗೆಯಿರಿ. ಹೊಸ ಸಿಸ್ಟಮ್‌ಡಿ ಹಳೆಯದರ ಸ್ಥಿತಿಯನ್ನು ಓದಿಕೊಂಡು ಮುಂದುವರಿಯುತ್ತದೆ. ಹೊಸದು ಬರೆದಿಟ್ಟದ್ದು ಹಳೆಯದಕ್ಕೆ ಅರ್ಥವಾಗುತ್ತದೆ ಅನ್ನುವ ಭರವಸೆ ಇಲ್ಲ, ಹಾಗಾಗಿ ಪ್ಯಾಕೇಜ್ ಡೌನ್‌ಗ್ರೇಡ್ ಮಾಡಿದರಾಯಿತು ಅಂದುಕೊಳ್ಳಬೇಡಿ. ಕನ್ಸೋಲ್‌ನಲ್ಲಿ ಲಾಗಿನ್ ಆಗುತ್ತದೆಯಾ ಅಂತ ಮೊದಲೇ ನೋಡಿಕೊಂಡು, ಆಮೇಲೆ ರೀಬೂಟ್ ಕೊಡಿ.