ಮಲೆನಾಡಿನ ಮಳೆಗೆ ಯಾವ ಮೆಶ್?

ತೀರ್ಥಹಳ್ಳಿ, ಹೊಸನಗರದ ಕಡೆ ಊರು ಅಂದರೆ ಸಾಲು ಮನೆಗಳಲ್ಲ. ಗುಡ್ಡದ ಬುಡಕ್ಕೊಂದು ಮನೆ, ತೋಟದಾಚೆ ಇನ್ನೊಂದು, ಹಳ್ಳ ದಾಟಿದರೆ ಮತ್ತೊಂದು. ಫೈಬರ್ ಬಂದರೂ ಟಾರು ರಸ್ತೆ ಪಕ್ಕದ ಮನೆಗೇ ನಿಲ್ಲುವುದು ಜಾಸ್ತಿ. ಅಲ್ಲಿಂದ ಒಳಗಿನ ಮನೆಗಳಿಗೆ ಇಂಟರ್ನೆಟ್ ಒಯ್ಯಲು ಇರುವ ಒಂದು ಉಪಾಯ ವೈರ್‌ಲೆಸ್ ಮೆಶ್. ಪ್ರತಿ ಮನೆಯ ಮಾಡಿನ ಮೇಲೊಂದು ರೂಟರ್. ಒಂದರಿಂದ ಬಂದ ಡೇಟಾವನ್ನು ಇನ್ನೊಂದು ಮುಂದಕ್ಕೆ ದಾಟಿಸುತ್ತದೆ. ನಮ್ಮಲ್ಲಿ 2.4 ಗಿಗಾಹರ್ಟ್ಸ್ ತರಂಗಗಳಿಗೆ 2005ರಿಂದ, 5 ಗಿಗಾಹರ್ಟ್ಸ್‌ನ ಬಹುಪಾಲಿಗೆ 2018ರಿಂದ ಲೈಸೆನ್ಸ್ ಬೇಕಿಲ್ಲ. ಹಾಗಾಗಿ ರೇಡಿಯೋ ಕಟ್ಟುವುದು ದೊಡ್ಡ ಮಾತಲ್ಲ. ಯಾವ ಮನೆ ಮೂಲಕ ಕಳಿಸಬೇಕು ಅನ್ನುವುದೇ ತಲೆನೋವು. ಅದನ್ನು ತೀರ್ಮಾನಿಸಲು ರೂಟರ್‌ಗಳು ಪಾಲಿಸುವ ನಿಯಮಗಳೇ ರೂಟಿಂಗ್ ಪ್ರೋಟೋಕಾಲ್.

ಕಡಿಮೆ ಮನೆ ದಾಟುವ ದಾರಿಯೇ ಒಳ್ಳೆಯದು ಅಂತ ಯಾರಿಗಾದರೂ ಅನ್ನಿಸುತ್ತದೆ. 2003ರಲ್ಲಿ ಪ್ರಕಟವಾದ ಎಒಡಿವಿ ಪ್ರೋಟೋಕಾಲ್ ನಂಬುವುದೂ ಆ ಲೆಕ್ಕವನ್ನೇ. ತಂತಿಯಾದರೆ ಇದು ನಡೆದೀತು. ತಂತಿ ಇದ್ದರೆ ಇದೆ, ಕಡಿದರೆ ಇಲ್ಲ. ರೇಡಿಯೋದಲ್ಲಿ ಅರೆಜೀವದ ಲಿಂಕ್‌ಗಳೇ ತುಂಬಿರುತ್ತವೆ. ಕಡಿಮೆ ಜಿಗಿತ (ಮನೆಯಿಂದ ಮನೆಗೆ ಒಂದು ದಾಟು ಅಂದರೆ ಒಂದು ಜಿಗಿತ) ಬೇಕು ಅಂದರೆ ದೂರದೂರದ ಲಿಂಕ್ ಆರಿಸಬೇಕು, ಅಂಥವೇ ದುರ್ಬಲವಾಗಿರುವುದು.

ಹಳ್ಳದಾಚೆಯ ಮನೆಗೆ ನೇರ ಲಿಂಕ್ ಒಂದಿದೆ ಅಂದುಕೊಳ್ಳಿ. ಕಳಿಸಿದ ಪ್ಯಾಕೆಟ್‌ಗಳಲ್ಲಿ, ಅಂದರೆ ಡೇಟಾದ ತುಣುಕುಗಳಲ್ಲಿ, ಅರ್ಧ ತಲುಪುತ್ತವೆ. 'ಸಿಕ್ಕಿತು' ಅನ್ನುವ ಉತ್ತರಗಳಲ್ಲೂ ಅರ್ಧವೇ ವಾಪಸ್ ಬರುತ್ತವೆ. ಆಗ ಒಂದು ಪ್ಯಾಕೆಟ್ ದಾಟಿಸಲು ಸರಾಸರಿ 1 ÷ (0.5 × 0.5), ಅಂದರೆ 4 ಸಲ ಕಳಿಸಬೇಕು. ನಡುವಿನ ಮನೆ ಮೂಲಕ ಹೋದರೆ ಲಿಂಕ್ ಎರಡು, ಆದರೆ ಎರಡರಲ್ಲೂ ಹೋಗುವಾಗ ಬರುವಾಗ ಶೇ. 90 ದಾಟುತ್ತವೆ. ಒಂದೊಂದಕ್ಕೆ ಸುಮಾರು 1.23, ಒಟ್ಟು ಎರಡೂವರೆಗಿಂತ ಕಡಿಮೆ. ಸುತ್ತಿನ ದಾರಿಯೇ ಲಾಭ ಅಲ್ವಾ? ಈ ಲೆಕ್ಕದ ಹೆಸರು ಇಟಿಎಕ್ಸ್. ಅಮೆರಿಕದ ಎಂಐಟಿ ಸಂಶೋಧಕರು 2003ರಲ್ಲಿ ಇದನ್ನು ಮುಂದಿಟ್ಟರು. ಅಮೆರಿಕದಲ್ಲೇ ಇರುವ ಕೇಂಬ್ರಿಜ್‌ನ ಮನೆಗಳ ತಾರಸಿ ಮೇಲೆ ರೂಫ್‌ನೆಟ್ ಎಂಬ ಮೆಶ್ ಕಟ್ಟಿದ್ದೂ ಅವರೇ.

ನಮ್ಮ ಕಡೆ ಈ ಅಂಕಿಗಳು ನಿಂತಲ್ಲಿ ನಿಲ್ಲುವುದಿಲ್ಲ. ಮಳೆಯನ್ನು ಎಲ್ಲರೂ ಬೈಯುತ್ತಾರೆ. ಆದರೆ ಒಂದೆರಡು ಕಿಲೋಮೀಟರ್‌ನಲ್ಲಿ ಮಳೆಹನಿ ಈ ತರಂಗಗಳಿಗೆ ಮಾಡುವ ನಷ್ಟ ಲೆಕ್ಕಕ್ಕಿಲ್ಲ. ನುಂಗುವುದು ಎಲೆ, ಅದರಲ್ಲೂ ನೆಂದ ಎಲೆ. ಆಚೆ ಮಾಡು ಕಣ್ಣಿಗೆ ಕಂಡರಷ್ಟೇ ಸಾಲದು, 2.4 ಗಿಗಾಹರ್ಟ್ಸ್‌ನಲ್ಲಿ 1 ಕಿಲೋಮೀಟರ್ ಲಿಂಕ್‌ಗೆ ನಡುಮಧ್ಯದಲ್ಲಿ ಸುತ್ತಲೂ ಐದೂವರೆ ಮೀಟರ್‌ನಷ್ಟು ಜಾಗ ಆದಷ್ಟು ಖಾಲಿ ಇರಬೇಕು. ಆಷಾಢದ ಗಾಳಿಗೆ ಅಡಿಕೆ ಮರ ತೂಗಿ ತೂಗಿ ಆ ಜಾಗಕ್ಕೆ ನುಗ್ಗುತ್ತದೆ, ವಾಪಸ್ ಹೋಗುತ್ತದೆ. ಲಿಂಕ್ ಈಗ ಚೆನ್ನಾಗಿದೆ, ಮರುಕ್ಷಣ ಇಲ್ಲ. ಪ್ರೋಟೋಕಾಲ್ ಪ್ರತಿ ತೂಗಾಟಕ್ಕೂ ದಾರಿ ಬದಲಿಸಿದರೆ ವಿಡಿಯೋ ಕಾಲ್ ಕೆಟ್ಟುಹೋಗುತ್ತದೆ. ಬದಲಿಸದೇ ಕೂತರೆ ಸತ್ತ ದಾರಿಗೇ ಡೇಟಾ ಸುರಿಯುತ್ತದೆ. ಹಾಗಾಗಿ ನಾನು ಮೊದಲು ನೋಡುವುದು ಪ್ರೋಟೋಕಾಲ್ ಲಿಂಕನ್ನು ಹೇಗೆ ಅಳೆಯುತ್ತದೆ, ಎಷ್ಟು ಬೇಗ ಮನಸ್ಸು ಬದಲಿಸುತ್ತದೆ ಅನ್ನುವುದನ್ನು. ಉಳಿದದ್ದೆಲ್ಲ ಆಮೇಲೆ.

2003ರದ್ದೇ ಆದ ಒಎಲ್‌ಎಸ್‌ಆರ್ ಎಂಬ ಪ್ರೋಟೋಕಾಲ್‌ನಲ್ಲಿ ಪ್ರತಿ ರೂಟರ್ ಬಳಿಯೂ ಇಡೀ ಜಾಲದ ನಕ್ಷೆ ಇರುತ್ತದೆ. ನಕ್ಷೆ ಹಳತಾದರೆ ಎರಡು ರೂಟರ್‌ಗಳು ಒಂದೇ ಪ್ಯಾಕೆಟ್ಟನ್ನು ಅತ್ತಿಂದಿತ್ತ ಎಸೆಯುತ್ತ ಕೂರಬಹುದು. ತಾವೇ ಮೆಶ್ ಕಟ್ಟಿಕೊಳ್ಳುವ ಬರ್ಲಿನ್‌ನ ಫ್ರೈಫುಂಕ್ ಬಳಗದವರು ಇದರಿಂದ ಬೇಸತ್ತೇ ಬ್ಯಾಟ್‌ಮ್ಯಾನ್ ಎಂಬ ಪ್ರೋಟೋಕಾಲ್ ಶುರುಮಾಡಿದ್ದು. ಅದರಲ್ಲಿ ಯಾರ ಬಳಿಯೂ ನಕ್ಷೆ ಇಲ್ಲ. ಮಲೆನಾಡಿನಲ್ಲಿ ದಾರಿ ಕೇಳಿದ ಹಾಗೆ: "ಮುಂದೆ ಹೋಗಿ, ತಿರುವಿನ ಮನೇಲಿ ಕೇಳಿ." ಇದರ ಈಗಿನ ರೂಪ 2011ರಲ್ಲಿ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನೆಲ್‌ಗೇ ಸೇರಿತು. ಇಡೀ ಊರು ಒಂದೇ ನೆಟ್‌ವರ್ಕ್ ಸ್ವಿಚ್‌ಗೆ (ಕಂಪ್ಯೂಟರ್‌ಗಳನ್ನು ತಂತಿಯಿಂದ ಜೋಡಿಸುವ ಪೆಟ್ಟಿಗೆ) ಸಿಕ್ಕಿಸಿದಂತೆ ಕಾಣುವುದು ಇದರ ಅನುಕೂಲ. ಫೋನ್ ಹಿಡಿದು ಮನೆಯಿಂದ ಮನೆಗೆ ಹೋದರೂ ಐಪಿ ವಿಳಾಸ (ಜಾಲದಲ್ಲಿ ಆ ಫೋನಿನ ಗುರುತಿನ ಸಂಖ್ಯೆ) ಬದಲಾಗದು. ತೊಡಕೂ ಉಂಟು. ಇದರ ನಾಲ್ಕನೇ ಆವೃತ್ತಿ ಅಳೆಯುವುದು ಪುಟ್ಟ ಪುಟ್ಟ ಸಂದೇಶಗಳನ್ನು ಎಣಿಸಿ, ಅವು ಹೋಗುವುದು ಸಾಮಾನ್ಯವಾಗಿ ಅತಿ ನಿಧಾನದ ವೇಗದಲ್ಲಿ. ಅಂಥವು ನೆಂದ ತೋಟವನ್ನೂ ಹೇಗೋ ದಾಟುತ್ತವೆ. ವಿಡಿಯೋ ದಾಟಲ್ಲ. ಐದನೇ ಆವೃತ್ತಿ ವೇಗವನ್ನೇ ಅಂದಾಜು ಮಾಡುವುದು ಅದಕ್ಕೇ.

ಹತ್ತು ಹದಿನೈದು ಮನೆಗಳ ನಮ್ಮಂಥ ಊರಿಗೆ ನನ್ನ ಓಟು ಬೇಬಲ್ ಎಂಬ ಪ್ರೋಟೋಕಾಲ್‌ಗೆ. ಪ್ಯಾರಿಸ್‌ನ ಯೂಲಿಯುಷ್ ಖ್ರೊಬೊಚೆಕ್ ರೂಪಿಸಿದ್ದು. 2021ರಲ್ಲಿ ಪರಿಷ್ಕೃತ ಮಾನದಂಡವಾಗಿ ಬಂತು. ದಾರಿ ಬದಲಾಗುವ ಹೊತ್ತಿನಲ್ಲೂ ಪ್ಯಾಕೆಟ್ ಗಿರಕಿ ಹೊಡೆಯದ ಹಾಗೆ ಅದರಲ್ಲಿ ನಿಯಮವಿದೆ. ಸಣ್ಣ ಏರಿಳಿತಕ್ಕೆ ದಾರಿ ಬಿಡದ ತಾಳ್ಮೆಯನ್ನೂ ಅದರ ತಂತ್ರಾಂಶದಲ್ಲಿ ಅಳವಡಿಸಿದ್ದಾರೆ. ಒಂದು ಮನೆಯ ಫೋನು, ಕಂಪ್ಯೂಟರ್‌ಗಳು ಎಲ್ಲರಿಗೂ ಅಂತ ಕೂಗಿ ಹೇಳುವ ಸಂದೇಶಗಳ ಗದ್ದಲ ಪಕ್ಕದ ಮನೆಗೆ ಹರಡುವುದಿಲ್ಲ. ಬದಲಿಗೆ ಮನೆ ಮನೆಗೂ ಬೇರೆ ಐಪಿ ಲೆಕ್ಕ ಇಡಬೇಕು, ಅದು ಸ್ವಲ್ಪ ಕಿರಿಕಿರಿ.

ಇದ್ಯಾವುದೂ ಕರೆಂಟಿನ ಮುಂದೆ ನಡೆಯಲ್ಲ. ನಡುವಿನ ಒಂದೇ ಮನೆಯನ್ನು ನೆಚ್ಚಿಕೊಂಡಿದ್ದರೆ, ಅಲ್ಲಿ ಕರೆಂಟ್ ಹೋದಾಗ ಹಿಂದಿನವರಿಗೆಲ್ಲ ಇಂಟರ್ನೆಟ್ ಇಲ್ಲ. ಇರುವ ದಾರಿಗಳಲ್ಲಿ ಆರಿಸುವುದಷ್ಟೇ ಪ್ರೋಟೋಕಾಲ್ ಕೆಲಸ, ಇಲ್ಲದ ದಾರಿ ಹುಟ್ಟಿಸಲು ಅದಕ್ಕೆ ಬರುವುದಿಲ್ಲ. ಆ ಮನೆಗೊಂದು ಯುಪಿಎಸ್ ಕೊಡಿಸುವುದು ಯಾವ ಹೊಸ ಪ್ರೋಟೋಕಾಲ್‌ಗಿಂತಲೂ ಉತ್ತಮ. ಒಂದೇ ರೇಡಿಯೋದಲ್ಲಿ ಕೇಳುವುದು ಹೇಳುವುದು ಎರಡೂ ನಡೆದರೆ ಎರಡನೇ ಜಿಗಿತಕ್ಕೇ ವೇಗ ಹೆಚ್ಚುಕಡಿಮೆ ಅರ್ಧವಾಗುತ್ತದೆ. ಮನೆಯಿಂದ ಮನೆಗೆ 5 ಗಿಗಾಹರ್ಟ್ಸ್, ಫೋನ್‌ಗಳಿಗೆ 2.4 ಅಂತ ಬೇರೆ ಮಾಡಿದರೆ ಎಷ್ಟೋ ವಾಸಿ. ಇನ್ನು ಇರುವುದೇ ಎರಡು ಮೂರು ಮನೆ ಅಂದರೆ ಸುಮ್ನೆ ಮೆಶ್ ಗೋಜಿಗೆ ಹೋಗಬೇಡಿ. ಎದುರು ಬದುರು ಎರಡು ಡಿಶ್ ಆಂಟೆನಾ, ರೂಟರ್‌ಗಳಲ್ಲಿ ಕೈಯಾರೆ ಬರೆದ ಎರಡು ರೂಟ್ (ದಾರಿ), ಅಷ್ಟು ಸಾಕು.