ಹಿತ್ತಲ ಹುಲ್ಲಿಗೂ ಭತ್ತದ ದುಡ್ಡು

ಅಮೆರಿಕದ ಟೆಕ್ಸಸ್‌ನಲ್ಲಿ ಎಲ್ ಕ್ಯಾಂಪೊ ಅಂತ ಒಂದು ಪಟ್ಟಣ ಇದೆ. ಸುತ್ತ ಭತ್ತದ ಸೀಮೆ. ಕಾಲ ಕಳೆದಂತೆ ಅಲ್ಲಿನ ಕೆಲವು ಗದ್ದೆಗಳು ಸೈಟುಗಳಾದವು. ದೊಡ್ಡ ಮನೆಗಳೆದ್ದವು, ಭತ್ತ ಇದ್ದ ಜಾಗದಲ್ಲಿ ಹುಲ್ಲು ಬಂತು. ಭತ್ತಕ್ಕೆಂದು ಸರ್ಕಾರ ಕೊಡುತ್ತಿದ್ದ ಹಣ ಮಾತ್ರ ನಿಲ್ಲಲಿಲ್ಲ. 1996ರ ಕೃಷಿ ಕಾನೂನಿನ ಪ್ರಕಾರ ಆ ಜಮೀನಿನಲ್ಲಿ ಹಿಂದೆ ಭತ್ತ ಬೆಳೆದಿದ್ದರೆ ಸಾಕಿತ್ತು. ಈಗ ಬೆಳೆಯಲೇಬೇಕು ಅಂತೇನಿರಲಿಲ್ಲ.

2006ರಲ್ಲಿ ವಾಷಿಂಗ್ಟನ್ ಪೋಸ್ಟ್ ಪತ್ರಿಕೆ ಇದನ್ನು ಬರೆಯಿತು. 2000ದಿಂದೀಚೆಗೆ ಬೇಸಾಯವನ್ನೇ ಮಾಡದವರಿಗೆ ಹೀಗೆ ಹೋದದ್ದು ಕನಿಷ್ಠ 130 ಕೋಟಿ ಡಾಲರ್ ಎಂದು ಲೆಕ್ಕ ಕೊಟ್ಟಿತು. ಲೆಕ್ಕ ಹಾಕಲು ಆದದ್ದು ಹೇಗೆ? ಯಾರಿಗೆ ಎಷ್ಟು ಹೋಯಿತು ಎನ್ನುವ ದಾಖಲೆ ಅಷ್ಟರಲ್ಲಿ ಹೊರಗೆ ಬಂದಿತ್ತು.

ಅದು ಸುಮ್ನೆ ಬಂದದ್ದಲ್ಲ. ಅಮೆರಿಕ ರೈತರಿಗೆ ಹೀಗೆ ಹಣ ಕೊಡಲು ಶುರು ಮಾಡಿದ್ದು 1933ರಲ್ಲಿ, ಬೆಲೆಗಳು ಪಾತಾಳಕ್ಕಿಳಿದಿದ್ದ ಕಾಲದಲ್ಲಿ. ಆದರೆ ಹಣ ಪಡೆದವರ ಹೆಸರುಗಳಿಗಾಗಿ ವಾಷಿಂಗ್ಟನ್ ಪೋಸ್ಟ್ ಕೋರ್ಟಿಗೆ ಹೋಗಬೇಕಾಯಿತು. ಹತ್ತಿ ಸಬ್ಸಿಡಿ ಪಡೆದವರ ಪಟ್ಟಿ ಕೊಡಿ ಎಂದು 1996ರಲ್ಲಿ ತೀರ್ಪು ಬಂತು. ಆಮೇಲೆ ಎನ್ವಿರಾನ್‌ಮೆಂಟಲ್ ವರ್ಕಿಂಗ್ ಗ್ರೂಪ್ ಎಂಬ ಸಂಸ್ಥೆ ಮಾಹಿತಿ ಹಕ್ಕಿನಡಿ ದಾಖಲೆ ಕೇಳಿ ಪಡೆದು, 2001ರ ನವೆಂಬರ್‌ನಲ್ಲಿ ಅಂತರ್ಜಾಲಕ್ಕೆ ಹಾಕಿತು. ಹೆಸರು ಟೈಪ್ ಮಾಡಿದರೆ ಮೊತ್ತ ಕಾಣುತ್ತಿತ್ತು. ಬ್ಯಾಸ್ಕೆಟ್‌ಬಾಲ್ ತಾರೆ ಸ್ಕಾಟಿ ಪಿಪ್ಪೆನ್, ಬ್ಯಾಂಕರ್ ಡೇವಿಡ್ ರಾಕ್‌ಫೆಲರ್ ಕೂಡ ಪಟ್ಟಿಯಲ್ಲಿದ್ದರು. ಪಕ್ಕದ ಜಮೀನಿನವನಿಗೆ ಎಷ್ಟು ಬಂತು ಅಂತ ಹುಡುಕುವ ಆಸೆ ಯಾರಿಗಿಲ್ಲ, ಅಲ್ವಾ?

2007ರಲ್ಲಿ ಅಲ್ಲಿನ ಸರ್ಕಾರಿ ಲೆಕ್ಕಪರಿಶೋಧನಾ ಸಂಸ್ಥೆಯೇ ಇನ್ನೊಂದು ವಿಷಯ ಹೇಳಿತು. 1999ರಿಂದ 2005ರವರೆಗೆ ತೀರಿಹೋದ 1,72,801 ಜನರ ಹೆಸರಿಗೆ 110 ಕೋಟಿ ಡಾಲರ್ ಪಾವತಿಯಾಗಿತ್ತು. ಅದೆಲ್ಲವೂ ಮೋಸ ಅಂತಲ್ಲ. ಸತ್ತವರ ಆಸ್ತಿ ಇತ್ಯರ್ಥವಾಗುವವರೆಗೆ ಹಣ ಕೊಡಲು ನಿಯಮದಲ್ಲೇ ಅವಕಾಶ ಇತ್ತು. ಆದರೆ ಆ ಅವಕಾಶ ನಿಜಕ್ಕೂ ಅನ್ವಯಿಸುತ್ತದಾ ಅಂತ ನೋಡುವವರು ಹಲವು ಕಡೆ ಇರಲಿಲ್ಲ.

ಯುರೋಪಿನಲ್ಲಿ ಹಲವು ದೇಶಗಳು ಸೇರಿ ರೈತರಿಗೆ ನೆರವು ಕೊಡುವ ಸಮಾನ ಕೃಷಿ ನೀತಿ ಬಂದದ್ದು 1962ರಲ್ಲಿ. ಪಟ್ಟಿ ತೆರೆದುಕೊಂಡದ್ದು ನಾಲ್ಕು ದಶಕ ಬಿಟ್ಟು. ಡೆನ್ಮಾರ್ಕ್‌ನಲ್ಲಿ ಪತ್ರಕರ್ತರು ಬೆನ್ನು ಹತ್ತಿದರು. 2005ರಲ್ಲಿ ಬ್ರಿಟನ್ ಪಟ್ಟಿ ಹೊರಬಿತ್ತು. ಅದರಲ್ಲಿ ರಾಣಿ ಎಲಿಜಬೆತ್ ಹೆಸರೂ ಇತ್ತು, ಸಕ್ಕರೆ ಕಂಪನಿ ಟೇಟ್ ಅಂಡ್ ಲೈಲ್ ಹೆಸರೂ ಇತ್ತು. 2009ರ ಹೊತ್ತಿಗೆ ಯುರೋಪಿಯನ್ ಒಕ್ಕೂಟದ ಎಲ್ಲ ಸದಸ್ಯ ದೇಶಗಳೂ ಹೆಸರು ಹಾಕಬೇಕು ಎಂಬ ನಿಯಮ ಬಂತು.

ಮರುವರ್ಷವೇ ಅದು ಮುಗ್ಗರಿಸಿತು. ಜರ್ಮನಿಯ ಇಬ್ಬರು ಫಲಾನುಭವಿಗಳು ಕೋರ್ಟಿಗೆ ಹೋಗಿದ್ದರು. ಮೊತ್ತ ಎಷ್ಟು, ಎಷ್ಟು ಕಾಲ ಬಂತು ಎಂದು ನೋಡದೆ ವ್ಯಕ್ತಿಗಳೆಲ್ಲರ ಹೆಸರನ್ನೂ ಒಂದೇ ಸಮ ಹಾಕುವುದು ಸರಿಯಲ್ಲ ಎಂದು ಯುರೋಪಿನ ನ್ಯಾಯಾಲಯ 2010ರ ನವೆಂಬರ್ 9ರಂದು ಹೇಳಿತು. ಕಂಪನಿಗಳ ಹೆಸರು ಉಳಿಯಿತು, ವ್ಯಕ್ತಿಗಳ ಹೆಸರು ಹೋಯಿತು. ಆ ಆಕ್ಷೇಪದಲ್ಲಿ ಹುರುಳಿಲ್ಲ ಅಂತ ನಾನು ಹೇಳಲಾರೆ. ಸಣ್ಣ ರೈತನಿಗೆ ಈ ಹಣವೇ ವರ್ಷದ ಆದಾಯದ ದೊಡ್ಡ ಪಾಲು. ಹೆಸರು ಹಾಕಿದರೆ ಅದನ್ನು ಊರಿಗೆಲ್ಲ ತೋರಿಸಿದಂತೆ. 2013ರ ನಿಯಮ ಹೆಸರುಗಳನ್ನು ವಾಪಸ್ ತಂದಿತು, ತೀರಾ ಸಣ್ಣ ಮೊತ್ತ ಪಡೆದವರನ್ನು ಬಿಟ್ಟು. ಆದರೆ ಪಟ್ಟಿ ಎರಡು ವರ್ಷ ಮಾತ್ರ ಕಾಣುತ್ತದೆ. ಹಳೆಯದನ್ನು ಯಾರಾದರೂ ಇಳಿಸಿಟ್ಟುಕೊಂಡಿರದಿದ್ದರೆ ಹೋಲಿಸಿ ನೋಡುವುದು ಕಷ್ಟ.

ಅಮೆರಿಕದಲ್ಲಿ ಹಣ ದಾರಿಯನ್ನೇ ಬದಲಿಸಿತು. ಬೆಳೆ ಬೆಳೆಯದಿದ್ದರೂ ಸಿಗುತ್ತಿದ್ದ, ವರ್ಷಕ್ಕೆ ಸುಮಾರು 500 ಕೋಟಿ ಡಾಲರಿನ ನೇರ ಪಾವತಿ 2014ರ ಕಾನೂನಿನೊಂದಿಗೆ ನಿಂತಿತು. ಬೆಳೆ ವಿಮೆಗೆ ಒತ್ತು ಜಾಸ್ತಿಯಾಯಿತು. ಅದರ ಪ್ರೀಮಿಯಂನಲ್ಲಿ ಸರಾಸರಿ ಅರ್ಧಕ್ಕಿಂತ ಹೆಚ್ಚು ಕಟ್ಟುವುದು ಸರ್ಕಾರವೇ. ಆದರೆ ಈ ನೆರವು ಪಡೆದ ರೈತರ ಹೆಸರು ಹೊರಗೆ ಕೊಡಲು ಕಾನೂನು ಬಿಡುವುದಿಲ್ಲ. ಎಲ್ ಕ್ಯಾಂಪೊ ಇರುವ ಕೌಂಟಿಯಲ್ಲಿ ಯಾವ ಬೆಳೆಯ ವಿಮೆಗೆ ಸರ್ಕಾರ ಎಷ್ಟು ತುಂಬಿತು ಎಂದು ಇವತ್ತೂ ನೋಡಬಹುದು. ಯಾರ ಪರವಾಗಿ ತುಂಬಿತು ಎಂದು ಮಾತ್ರ ನೋಡಲಾಗದು.