ಕೆಲಸ ಕೊಡುವವರಾಗಿ ಅನ್ನುವ ಮಾತು ಎಲ್ಲಿಂದ ಬಂತು?

‘ಕೆಲಸ ಕೇಳುವವರಾಗಬೇಡಿ, ಕೆಲಸ ಕೊಡುವವರಾಗಿ.’ ಘಟಿಕೋತ್ಸವ ಅಂದರೆ ಈ ಮಾತು ಇದ್ದೇ ಇರುತ್ತದೆ, ಅಲ್ವಾ? ಇದಕ್ಕೆ ಸುಮಾರು ನಲವತ್ತು ವರ್ಷದ ಹಿನ್ನೆಲೆಯಿದೆ.

ಮೊದಲು ಡಿಗ್ರಿ ಅಂದರೆ ಸರ್ಕಾರಿ ನೌಕರಿ ಇಲ್ಲವೇ ಬ್ಯಾಂಕು. 1991ರ ಆರ್ಥಿಕ ಉದಾರೀಕರಣದ ನಂತರ ಆ ಬಾಗಿಲು ಕಿರಿದಾಯಿತು. ಬೆಂಗಳೂರಿನ ಐಟಿ ಒಂದಷ್ಟು ಜನರನ್ನು ಕರೆದುಕೊಂಡಿತು, ಬಿ.ಎ., ಬಿ.ಕಾಂ. ಮಾಡಿದ ಎಷ್ಟೋ ಮಂದಿ ಹೊರಗೇ ಉಳಿದರು.

ಇದಕ್ಕೂ ಮೊದಲೇ, 1982ರಲ್ಲಿ, ಧರ್ಮಸ್ಥಳದ ಪಕ್ಕದ ಉಜಿರೆಯಲ್ಲಿ ರುಡ್‌ಸೆಟ್ ಶುರುವಾಗಿತ್ತು. ಧರ್ಮಸ್ಥಳದ ಶಿಕ್ಷಣ ಟ್ರಸ್ಟ್, ಸಿಂಡಿಕೇಟ್ ಬ್ಯಾಂಕ್, ಕೆನರಾ ಬ್ಯಾಂಕ್ ಸೇರಿ ಹಳ್ಳಿಯ ಯುವಜನರಿಗೆ ಸ್ವಂತ ಉದ್ಯೋಗ ಕಲಿಸಲು ಕಟ್ಟಿದ ಸಂಸ್ಥೆ. ಊಟ, ವಸತಿ, ತರಬೇತಿ ಎಲ್ಲ ಉಚಿತ. ಕೆಲವೇ ವಾರ ಕಲಿಸುತ್ತಾರೆ, ಆದರೆ ಆಮೇಲೆ ಎರಡು ವರ್ಷ ಬೆನ್ನು ಬಿಡುವುದಿಲ್ಲ: ಅಂಗಡಿ ಹಾಕಿದೆಯಾ, ಸಾಲ ಸಿಕ್ಕಿತಾ, ಎಲ್ಲಿ ಸಿಕ್ಕಿಹಾಕಿಕೊಂಡೆ ಅಂತ ಕೇಳುತ್ತಲೇ ಇರುತ್ತಾರೆ. ಇದೇ ಮಾದರಿಯಲ್ಲಿ ಮುಂದೆ ದೇಶದ ಜಿಲ್ಲೆ ಜಿಲ್ಲೆಗಳಲ್ಲಿ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಗಳು, ಅಂದರೆ ಆರ್‌ಸೆಟಿಗಳು ಬಂದವು.

ಕಾಲೇಜಿಗೆ ಉದ್ಯಮಶೀಲತೆ ಬಂದದ್ದು ಮಾತ್ರ ಪರೀಕ್ಷೆಯ ಪೇಪರ್ ಆಗಿ. ಎಂಜಿನಿಯರಿಂಗ್ ಕಾಲೇಜುಗಳ ವಿಶ್ವವಿದ್ಯಾಲಯವಾದ ವಿಟಿಯುನ 2006ರ ಪಠ್ಯಕ್ರಮದಲ್ಲಿ ‘ಮ್ಯಾನೇಜ್‌ಮೆಂಟ್ ಅಂಡ್ ಆಂತ್ರಪ್ರೆನರ್‌ಶಿಪ್’ ಅಂತ ಒಂದು ವಿಷಯ ಇತ್ತು. ಉದ್ಯಮಿಯ ಗುಣಗಳು, ಸಣ್ಣ ಕೈಗಾರಿಕೆಯ ವ್ಯಾಖ್ಯೆ, ಆಮೇಲೆ ಕೆಐಎಡಿಬಿ, ಕೆಎಸ್‌ಎಫ್‌ಸಿ, ಸಿಡ್ಬಿ, ಡಿಐಸಿ (ಜಿಲ್ಲಾ ಕೈಗಾರಿಕಾ ಕೇಂದ್ರ) ಅಂತ ಉದ್ಯಮಕ್ಕೆ ಜಾಗ, ಸಾಲ, ನೆರವು ಕೊಡುವ ಸಂಸ್ಥೆಗಳ ಉದ್ದನೆಯ ಪಟ್ಟಿ. ಪರೀಕ್ಷೆಗೆ ಅವುಗಳ ಕೆಲಸವನ್ನೆಲ್ಲ ಬಾಯಿಪಾಠ ಮಾಡಿದ ಹುಡುಗ ತನ್ನದೇ ಜಿಲ್ಲೆಯ ಡಿಐಸಿ ಮೆಟ್ಟಿಲು ಹತ್ತದೆಯೇ ಪಾಸಾಗಬಹುದಿತ್ತು. ಕಲಿಸುವವರಲ್ಲೂ ಹೆಚ್ಚಿನವರಿಗೆ ಸಾಲ ತೆಗೆದು ವ್ಯಾಪಾರ ಮಾಡಿ ಗೊತ್ತಿರಲಿಲ್ಲ, ಅವರಿಂದ ಅದನ್ನು ಬಯಸಿದವರೂ ಇರಲಿಲ್ಲ.

2016ರಲ್ಲಿ ಸ್ಟಾರ್ಟಪ್ ಇಂಡಿಯಾ ಬಂತು, ಕಾಲೇಜುಗಳಲ್ಲಿ ಹೊಸ ಉದ್ಯಮಕ್ಕೆ ಆಸರೆ ಕೊಡುವ ಇನ್‌ಕ್ಯುಬೇಶನ್ ಸೆಂಟರ್ ಬೋರ್ಡುಗಳು ಎದ್ದವು. ಅಷ್ಟಾದರೂ 2022ರಲ್ಲಿ ದೇಶದ ಯುವ ಪದವೀಧರರ ನಿರುದ್ಯೋಗ ದರ ಶೇ. 29.1 ಇತ್ತು ಅನ್ನುತ್ತದೆ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 2024ರ ವರದಿ. ಓದು ಬರಹ ಬಾರದ ಯುವಜನರಲ್ಲಿ ಅದು ಶೇ. 3.4. ಓದದವರಿಗೆ ಒಳ್ಳೆ ಕೆಲಸ ಸಿಕ್ಕಿದೆ ಅಂತಲ್ಲ, ಸುಮ್ನೆ ಕೂರಲು ಅವರ ಮನೆಯಲ್ಲಿ ಆಗುವುದಿಲ್ಲ. ಇಷ್ಟು ದೊಡ್ಡ ಅಂತರಕ್ಕೆ ಹುಡುಗರಲ್ಲಿ ಧೈರ್ಯ ಸಾಲದು ಅನ್ನುವುದು ಕಾರಣ ಆಗಲಾರದು.

ಲೆಕ್ಕ ಇಡುವ ರೀತಿಯಲ್ಲೂ ವ್ಯತ್ಯಾಸವಿದೆ. ಕಾಲೇಜುಗಳಿಗೆ ಮಾನ್ಯತೆ ಕೊಡುವ ನ್ಯಾಕ್‌ಗೆ ಕಾಲೇಜು ಉದ್ಯಮಶೀಲತೆ ಬಗ್ಗೆ ಎಷ್ಟು ಕಾರ್ಯಾಗಾರ ಮಾಡಿದೆ ಅಂತ ತೋರಿಸುತ್ತದೆ. ರುಡ್‌ಸೆಟ್ ತರಬೇತಿ ಪಡೆದವರಲ್ಲಿ ಎಷ್ಟು ಜನ ನೆಲೆ ನಿಂತರು ಅಂತ ಎಣಿಸುತ್ತದೆ. ರಾಜ್ಯ ಸರ್ಕಾರದ ಯುವನಿಧಿ ಯೋಜನೆಯಲ್ಲಿ ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ ಬರುವುದೂ ಹೆಚ್ಚೆಂದರೆ ಎರಡು ವರ್ಷ. ಅಷ್ಟು ದಿನವಾದರೂ ಓದಿಸಿದ ಕಾಲೇಜು ಅವರಿಗೆ ಫೋನ್ ಮಾಡಿ ವಿಚಾರಿಸುವ ವ್ಯವಸ್ಥೆ ಬರಬೇಕು.